ತುಕ್ಕಿನ ಭಯ

ಬಲಗೈ ಮಣಿಕಟ್ಟಿನೊಳಗೆ ಲೋಹದ ಪ್ಲೇಟು ಕೂತಾಗಿನಿಂದ ಕೇಣಿಯ ಮಂಗಲಾ ಹರಿಕಂತ್ರಳಿಗೆ ನೀರೆಂದರೆ ಭಯ. ೨೦೦೬ರ ಮಳೆಗಾಲದಲ್ಲಿ ದೋಣಿಯಿಂದ ಮೀನು ಇಳಿಸುವ ದಕ್ಕೆಯ ಪಾಚಿಯ ಮೇಲೆ ಜಾರಿ, ಕೈಯೂರಿ ಬಿದ್ದಿದ್ದಳು. ಕಾರವಾರದ ಡಾಕ್ಟರು ಮುರಿದ ಎಲುಬು ಕೂಡಿಸಿ, ಪ್ಲೇಟು ಇಟ್ಟು ಸ್ಕ್ರೂ ಬಿಗಿದರು. ಗಾಯ ಪೂರ್ತಿ ಮಾಗಿದ ಮೇಲೆ, ಬಿಸಿನೀರಲ್ಲಿ ಮುಳುಗಿಸಿ ಕೈ ಆಡಿಸು ಎಂದು ಹೇಳಿ ಕಳಿಸಿದರು.

ಮನೆಯಲ್ಲಿ ಗಂಡ ತುಳಸಿದಾಸ ಒಪ್ಪಲಿಲ್ಲ. "ನೀರಾ? ಹುಚ್ಚೇನೆ ನಿಂಗೆ? ದೋಣಿ ಮೊಳೆ ನೋಡಿಲ್ವಾ? ಉಪ್ಪು ತಾಗಿದ್ರೆ ತುಕ್ಕು ಹಿಡ್ದು ಉದುರ್ತದೆ."

ಅವರ ಬಾವಿಯ ನೀರೂ ಸವುಳು. ಮಂಗಲಾ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡಳು. ಬೆವರೂ ಉಪ್ಪೇ ಎಂದು ಹೊಳೆದ ಮೇಲೆ ಕೈ ಆಡಿಸುವುದನ್ನೇ ಬಿಟ್ಟಳು. ಆದರೆ ಬೊಗಸೆ ಕೂಡದಿದ್ದರೆ ತಾರ್ಲೆ ಮೀನು ಎತ್ತಿ ಗಿರಾಕಿಯ ಚೀಲಕ್ಕೆ ಸುರಿಯುವುದು ಹೇಗೆ? ಅಂಕೋಲೆ ಪೇಟೆಯಲ್ಲಿ ಅವಳು ಮೀನು ಮಾರುತ್ತಿದ್ದ ಜಾಗದಲ್ಲಿ ಆಗಲೇ ಇನ್ನೊಬ್ಬ ಮೀನುಗಾರ್ತಿ ಮಂದಾಕಿನಿ ಬುಟ್ಟಿ ಇಟ್ಟು ಕೂರುತ್ತಿದ್ದಳು.

ಮತ್ತೆ ಕಾರವಾರಕ್ಕೆ ಹೋದಾಗ, ವ್ಯಾಯಾಮ ಹೇಳಿಕೊಡುವ ಪ್ರಗತಿ, "ಅಂಗೈ ಮೇಲೆ ಬರೂ ಹಾಗೆ ತಿರುಗಿಸಿ" ಎಂದಳು.

ಕೈ ಅರ್ಧಕ್ಕೇ ನಿಂತಿತು.

"ಮನೇಲಿ ಮಾಡ್ತ್ರಾ ಇಲ್ವಾ?"

"ಮಾಡ್ತೆ, ಅಕ್ಕೋರೆ."

"ಸುಳ್ಳು! ಈ ಕೈ ನೀರು ಕಂಡ ಹಾಗೇ ಇಲ್ಲ."

ಮಂಗಲಾ ತಲೆ ತಗ್ಗಿಸಿದಳು. "ಒಳಗೆ ತುಕ್ಕು ಹಿಡಿದ್ರೆ?"

ಪ್ರಗತಿಗೆ ನಗು ತಡೆಯಲಾಗಲಿಲ್ಲ. "ರಕ್ತದ ರುಚಿ ಎಂತದು ಹೇಳಿ? ಉಪ್ಪಲ್ವಾ? ಪ್ಲೇಟು ಮೊದಲ ದಿನದಿಂದ ಅದ್ರಲ್ಲೇ ಅದೆ."

ಮಂಗಲಾಳ ಮುಖ ಬಿಳಿಚಿತು. "ಅಯ್ಯೋ ದೇವ್ರೆ! ಹಾಗಾರೆ ಈಗ್ಲೇ ಹಿಡ್ದಿರ್ತದೆ!"

"ಹಿಡಿಯೂದಿಲ್ಲ ಮಾರಾಯ್ರೆ! ಮೈಯೊಳಗೆ ಇಡೂಕೆ ಅಂತ್ಲೇ ಮಾಡಿದ್ದು ಅದು. ಹಾಳಾಗ್ತಿರೂದು ಪ್ಲೇಟಲ್ಲ, ನಿಮ್ಮ ಮಣಿಕಟ್ಟಿನ ಗಂಟು. ಆಡಿಸದೆ ಬಿಗೀತಾ ಅದೆ."

"ಮೊದಲಿನ ಹಾಗೆ ಆಗ್ತದಾ?"

ಪ್ರಗತಿಯ ನಗು ನಿಂತಿತು. "ತಡ ಮಾಡಿದ್ರಿ. ಎಷ್ಟು ಬರ್ತದೆ ಅಂತ ಈಗ್ಲೇ ಹೇಳೂಕಾಗುದಿಲ್ಲ. ಮೊಣಕೈ ಪಕ್ಕೆಗೆ ಒತ್ತಿ ತಿರುಗಿಸಿ. ಭುಜ ಎತ್ತಿ ಮೋಸ ಮಾಡ್ಬೇಡಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ 'ತಡ ಮಾಡಿದ್ರಿ' ಎಂಬ ಮಾತೇ ಕೊರೆಯುತ್ತಿತ್ತು. ಕಿಟಕಿಯಾಚೆ ಕಡಲು ಬಂತು, ಹೋಯಿತು, ಅವಳು ನೋಡಲಿಲ್ಲ. ಸೆರಗಿನ ಮರೆಯಲ್ಲಿ ಕೈಯನ್ನು ಹೊರಳಿಸಲು ಹೆಣಗುತ್ತಲೇ ಇದ್ದಳು.

ಮನೆಗೆ ಬಂದವಳೇ ನೀರು ಕಾಯಿಸಿದಳು. ತುಳಸಿದಾಸ ಬಾಗಿಲಲ್ಲೇ ನಿಂತ. "ಆ ಡಾಕ್ಟ್ರಿಗೆ ದೋಣಿ ಗೊತ್ತಿಲ್ಲ."

"ನಿಮಗೆ ಕೈ ಗೊತ್ತಿಲ್ಲ. ಬನ್ನಿ, ಈ ಮೊಣಕೈ ಹಿಡ್ಕಳಿ."

ಗೊಣಗುತ್ತಲೇ ಬಂದು ಕೂತು ಹಿಡಿದ. ಬಿಸಿನೀರೊಳಗೆ ಅಂಗೈ ಅಕ್ಕಿಕಾಳಿನಷ್ಟು ಹೊರಳಿತು. ನೋವಿಗೆ ಅವಳ ಕಣ್ಣು ತುಂಬಿತು.

"ಬಂತೇನೆ?"

"ಗೊತ್ತಾಗುದಿಲ್ಲ. ಬಿಡಬೇಡಿ. ಮತ್ತೊಂದ್ಸಲ."