ಅವಳು ತೋರಿಸಿದ ಕೆಂಪು ಗಿಡ

ಡಲ್ಲಾಸಿನಲ್ಲಿ ನಾನು ಕೆಲಸಕ್ಕಿದ್ದ ಫೋಟೋ ಲ್ಯಾಬಿನಲ್ಲಿ ಎರಡು ಡಾರ್ಕ್‌ರೂಮುಗಳಿದ್ದವು. ಒಂದು ಕಪ್ಪು-ಬಿಳುಪಿನದು, ಇನ್ನೊಂದು ಬಣ್ಣದ್ದು. ನಾನು ಕಪ್ಪು-ಬಿಳುಪಿನವನು. ಎಪ್ಪತ್ತರ ದಶಕ ಅರ್ಧ ದಾಟುವಷ್ಟರಲ್ಲಿ ನನ್ನ ಕೋಣೆಗೆ ಬರುವ ರೋಲುಗಳು ಕಡಿಮೆಯಾಗುತ್ತ ಬಂದವು. ಕೆಲವು ದಿನ ಮಧ್ಯಾಹ್ನಕ್ಕೇ ಟ್ರೇ ತೊಳೆದು ಕವುಚಿ ಹಾಕಿ, ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ದುಡಿದು ಅಭ್ಯಾಸವಾದವನಿಗೆ ಅದರಷ್ಟು ನಾಚಿಕೆ ಬೇರೆ ಇಲ್ಲ.

ಒಂದು ದಿನ ಮಾಲೀಕ ಬಂದು ನೇರವಾಗಿ ಹೇಳಿದ. ಕ್ರಿಸ್‌ಮಸ್ಸಿನ ಹೊತ್ತಿಗೆ ಈ ಕೋಣೆ ಮುಚ್ಚುತ್ತೇನೆ, ಬಣ್ಣದ ಕೋಣೆಯಲ್ಲಿ ಒಬ್ಬನಿಗೆ ಜಾಗ ಇದೆ, ನಿನ್ನ ಕೈ ಒಳ್ಳೆಯದು ಅಂತ ನನಗೆ ಗೊತ್ತು, ಕಣ್ಣು ಹೇಗಿದೆ ನೋಡಬೇಕು. ಎಲೆಗಳು ಬಣ್ಣ ತಿರುಗುವ ಕಾಲ, ಬೆಟ್ಟದ ಕಡೆ ಹೋಗಿ ಒಂದು ರೋಲು ತೆಗೆದುಕೊಂಡು ಬಾ, ಸೋಮವಾರ ನನ್ನ ಎದುರಿಗೇ ಪ್ರಿಂಟ್ ಹಾಕು.

ಕಣ್ಣಿನ ಮಾತಿಗೆ ನನಗೆ ನಗು ಬಂತು. ನೆಗೆಟಿವ್ ಮೇಲಿನ ಕೂದಲೆಳೆಯಷ್ಟು ಗೀರನ್ನು ಕನ್ನಡಕವಿಲ್ಲದೆ ಹುಡುಕಿ ಪೆನ್ಸಿಲಿನಿಂದ ಮುಚ್ಚುವವನು ನಾನು. ಆದರೂ ಆ ಜಾಗ ನನಗೆ ಬೇಕೇ ಬೇಕಿತ್ತು. ಅಮೆರಿಕಕ್ಕೆ ನಾವು ಬಂದದ್ದು ನನ್ನ ಹೆಂಡತಿಯ ನರ್ಸಿಂಗ್ ಓದಿನ ಮೇಲೆ. ಮೊದಲು ಹ್ಯೂಸ್ಟನ್ನಿನ ಆಸ್ಪತ್ರೆ, ಆಮೇಲೆ ಡಲ್ಲಾಸಿನದು. ಎಲ್ಲಿ ಹೋದರೂ ನಾನು ನರ್ಸಮ್ಮನ ಗಂಡ. ಇಲ್ಲಿನ ನಮ್ಮವರೆಲ್ಲ ಡಾಕ್ಟರು, ಇಂಜಿನಿಯರು, ಯಾರ ಮನೆಗೆ ಊಟಕ್ಕೆ ಹೋದರೂ ಎರಡನೆಯ ಪ್ರಶ್ನೆ "ತಾವು ಯಾವ ಕಾಲೇಜು?" ನನ್ನದು ಅಂತ ಹೇಳಿಕೊಳ್ಳಲಿಕ್ಕೆ ಇದ್ದದ್ದು ಆ ಕತ್ತಲೆ ಕೋಣೆಯೊಂದೇ.

ನಾನು ಶಾಲೆ ಬಿಟ್ಟದ್ದು ಹುಬ್ಬಳ್ಳಿಯಲ್ಲಿ, ಆರನೇ ಇಯತ್ತೆಯಲ್ಲಿ. ನಕಾಶೆಯಲ್ಲಿ ಕಾಡಿಗೆ ಹಸಿರು ಬಳಿಯಿರಿ ಅಂದರು ಮಾಸ್ತರರು. ನಾನು ಬಳಿದೆ. ಅವರು ನನ್ನ ಪಾಟಿಯ ಚೀಲದಿಂದಲೇ ಬೆನ್ನಿಗೆ ಹೊಡೆದು, "ಕಾಡಿಗೆ ಬೆಂಕಿ ಹಚ್ಚೀಯೇನಲೇ? ನನ್ನ ಚ್ಯಾಷ್ಟಿ ಮಾಡ್ತೀ?" ಅಂದರು. ಎಲ್ಲರೂ ನಕ್ಕರು. ಏನು ತಪ್ಪಾಯಿತು ಅಂತ ನನಗೆ ತಿಳಿಯಲಿಲ್ಲ, ಮರುದಿನ ಹೋಗಲಿಲ್ಲ. ಸ್ಟುಡಿಯೋ ಒಂದರಲ್ಲಿ ಪ್ರಿಂಟ್ ತೊಳೆಯುವ ಕೆಲಸಕ್ಕೆ ಸೇರಿಕೊಂಡೆ. ಅಲ್ಲಿ ಎಲ್ಲವೂ ಕಪ್ಪು, ಬಿಳುಪು, ಬೂದು. ಆ ಲೋಕದಲ್ಲಿ ನನ್ನನ್ನು ನೋಡಿ ಯಾರೂ ನಗಲಿಲ್ಲ.

ನಮಗೆ ಕಾರಿರಲಿಲ್ಲ. ಹ್ಯೂಸ್ಟನ್ನಿನಲ್ಲಿ ಪರಿಚಯವಾಗಿದ್ದ ಮೈಸೂರಿನ ಡಾಕ್ಟರೊಬ್ಬರು, ಇನ್ನೂ ಮದುವೆಯಾಗದವರು, ಕನ್ನಡ ಮಾತಾಡಲಿಕ್ಕೆ ಅಂತಲೇ ಆಗಾಗ ನಮ್ಮ ಮನೆಗೆ ಬರುತ್ತಿದ್ದರು. ಆ ವಾರ ಬಂದಿದ್ದವರು ತಾವೇ ಡ್ರೈವ್ ಮಾಡುತ್ತೇನೆಂದರು. ಶನಿವಾರ ಬೆಳಿಗ್ಗೆ ಬೇಗ ಹೊರಟು ಒಕ್ಲಹೋಮದೊಳಗೆ ಪೂರ್ವಕ್ಕೆ, ಆರ್ಕನ್ಸಾದ ಗಡಿಯ ಬೆಟ್ಟಗಳಿಗೆ ಹೋದೆವು. ಟೆಕ್ಸಸ್ ದಾಟುವ ಮೊದಲೇ ಮಳೆ ಹಿಡಿಯಿತು. ಬಿಡುವ ಮಳೆಯಲ್ಲ ಅದು.

"ಮಳೆಯಾಗ ಏನ್ ಫೋಟೋ ತೆಗೀತೀರಿ, ಹೊಳ್ಳಿ ಹೋಗೂಣೇನ್ರಿ?" ಅಂದಳು ಹೆಂಡತಿ, ಹಿಂದಿನ ಸೀಟಿನಲ್ಲಿ ಹಚ್ಚಿದ ಅವಲಕ್ಕಿಯ ಡಬ್ಬಿ ಹಿಡಿದುಕೊಂಡು.

"ಸೋಮವಾರ ಮಾಲಕಗ ಏನ್ ತೋರಿಸ್ಲಿ, ನಿನ್ನ ಅವಲಕ್ಕಿ ಡಬ್ಬೀನ?" ಅಂದೆ.

"ಮಳೇಲೇ ಎಲೆ ಬಣ್ಣ ಇನ್ನೂ ಚೆನ್ನಾಗಿ ಕಾಣತ್ತೆ ಕಣ್ರೀ. ನೆಂದು ಗಾಢವಾಗಿರತ್ತೆ," ಅಂದರು ಡಾಕ್ಟರು.

ಬೆಟ್ಟದ ರಸ್ತೆ ಹತ್ತಿ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿದಾಗ ಅವರಿಬ್ಬರೂ ಒಂದೇ ಸಲ "ಅಬ್ಬಾ!" ಅಂದರು. ನಾನು ಇಳಿದು ನೋಡಿದೆ. ಕಣಿವೆಯ ತುಂಬ ಮಂಜು, ಅದರೊಳಗೆ ಮಬ್ಬು ಮಬ್ಬಾದ ಗಿಡಗಳು. ಅಲ್ಲಲ್ಲಿ ಹಳದಿ ಇತ್ತು, ಅದು ನನಗೂ ಕಂಡಿತು. ಉಳಿದದ್ದೆಲ್ಲ ಒದ್ದೆಯಾದ ಗೋಣಿಚೀಲ ಹರಡಿದ ಹಾಗೆ. ಇಷ್ಟಕ್ಕೆ ಜನ ನೂರಾರು ಮೈಲಿ ಬರುತ್ತಾರಲ್ಲ ಅನ್ನಿಸಿತು. ಬಣ್ಣ ಅನ್ನುವುದನ್ನು ಜನ ಮಾತಿನಲ್ಲಿ ಸ್ವಲ್ಪ ಹಿಗ್ಗಿಸಿ ಹೇಳುತ್ತಾರೆ, ಹಬ್ಬದ ಊಟವನ್ನು ಹೊಗಳಿದ ಹಾಗೆ ಅಂತ ನಾನು ಮೊದಲಿನಿಂದಲೂ ತಿಳಿದಿದ್ದೆ.

ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿ ಒಂದು ಗುಂಪು ಗಿಡಗಳ ಕಡೆ ತಿರುಗಿಸಿದೆ.

"ಅದ್ಯಾಕ್ರೀ ಅತ್ತ ಹಿಡಿದೀರಿ? ಈ ಕಡೆ ಕೆಂಪು ಗಿಡ ಐತಲ್ರಿ!"

"ಯಾವ್ದು?"

"ಎದುರಿಗೇ! ಬೆಂಕಿ ಹತ್ತಿದಂಗ ಐತಿ!"

ಅವಳ ಬೆರಳು ಹೋದ ಕಡೆ ನಾಲ್ಕೈದು ಗಿಡಗಳಿದ್ದವು. ಒಂದನ್ನು ಆರಿಸಿ ಫೋಕಸ್ ಮಾಡಿದೆ.

"ಅದಲ್ರಿ, ಅದು ಹಸಿರು. ಅದರ ಬಾಜೂದು."

"ಏನ್ ಸ್ವಾಮಿ, ನರ್ಸಮ್ಮನ್ನ ಗೋಳು ಹುಯ್ಕೋತಿದೀರಾ?" ಅಂತ ಡಾಕ್ಟರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬಗ್ಗಿ ನೆಲದಿಂದ ಎರಡು ಎಲೆ ಆರಿಸಿ, ಎರಡೂ ಅಂಗೈಯಲ್ಲಿ ಒಂದೊಂದು ಇಟ್ಟು ಚಾಚಿದರು. "ಕೆಂಪು ಯಾವುದು, ಹೇಳಿ ನೋಡೋಣ."

ಎರಡೂ ಒಂದೇ ಜಾತಿಯ ಎಲೆಗಳು, ಎರಡರ ಮೇಲೂ ಮಳೆಹನಿ. ನಾನು ಎಲೆ ನೋಡಲಿಲ್ಲ, ಹೆಂಡತಿಯ ಕಣ್ಣು ಎತ್ತ ಹೋಗುತ್ತದೆ ಅಂತ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಡಾಕ್ಟರ ಎಡಗೈ ತೋರಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕಾರಿನೊಳಗೆ ಕೂತು ಡಾಕ್ಟರು ನಿಧಾನವಾಗಿ ಹೇಳಿದರು. ಇದು ಹುಟ್ಟಿನಿಂದ ಬಂದದ್ದು, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಬಿಸಿಲಿದ್ದರೆ ಹೊಳಪಿನ ಹೆಚ್ಚು ಕಡಿಮೆ ನೋಡಿ ಸಂಭಾಳಿಸಿಬಿಡುತ್ತೀರಿ, ಮೋಡದಲ್ಲಿ ಅದೂ ಇಲ್ಲ. ನನಗೆ ನನ್ನ ಸೋದರಮಾವ ನೆನಪಾದ. ಸಂತೆಯಿಂದ ಕಾಯಿ ಟೊಮೇಟೊ ತಂದು ಪ್ರತಿ ವಾರ ಬೈಸಿಕೊಳ್ಳುತ್ತಿದ್ದ.

"ಔಷಧ?" ಅಂತ ಕೇಳಿದೆ.

"ಇಲ್ಲ."

"ಕನ್ನಡಕ, ಆಪರೇಷನ್ನು, ಏನಾದರೂ?"

"ಏನೂ ಇಲ್ಲ ಕಣ್ರೀ."

ಡಾಕ್ಟರಾದವರು ಇಷ್ಟು ಚಿಕ್ಕ ಉತ್ತರ ಕೊಡಬಾರದು ಅನ್ನಿಸಿ ಸಿಟ್ಟು ಬಂತು. ಮಳೆಯ ಮೇಲೆ, ಗಿಡದ ಮೇಲೆ, ಸತ್ತುಹೋದ ಮಾವನ ಮೇಲೆ ಸಿಟ್ಟು ಬಂತು. ಹೆಂಡತಿ ಬಾಗಿಲು ತೆಗೆದು ಮಳೆಗೆ ಇಳಿದಳು. "ಬರ್ರಿ. ನಾ ತೋರಿಸ್ತೀನಿ, ನೀವು ತೆಗೀರಿ," ಅಂದಳು.

ಆಮೇಲೆ ರೋಲು ಮುಗಿಯುವ ತನಕ ಅವಳು ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಿಂದ ದಾರಿ ಹೇಳಿದಳು. "ಸ್ವಲ್ಪ ಎಡಕ್ಕ. ಹಾಂ, ಅದು ಕೆಂಪು. ಅದರ ಹಿಂದಿಂದು ಹಸಿರು. ಕೆಳಗ ಹಳದಿ, ಅದು ನಿಮಗ ಗೊತ್ತಾಗ್ತೈತಿ." ನಾನು ಬೆಳಕು ಅಳೆದೆ, ಫೋಕಸ್ ಮಾಡಿದೆ, ಒತ್ತಿದೆ. ಏನನ್ನು ತೆಗೆಯುತ್ತಿದ್ದೇನೆ ಅಂತ ಗೊತ್ತಿಲ್ಲದೆ ಫೋಟೋ ತೆಗೆದದ್ದು ಜನ್ಮದಲ್ಲಿ ಅದೇ ಮೊದಲು. ಕೊನೆಯದೊಂದನ್ನು ಅವಳದ್ದೇ ತೆಗೆದೆ, ಅವಳೇ ಆರಿಸಿದ ಕೆಂಪು ಗಿಡದ ಕೆಳಗೆ, ಕೊಡೆ ಮಡಿಸೆಂದು ಹೇಳಿ ಅವಳನ್ನು ನಿಲ್ಲಿಸಿ. ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು. "ಲಗೂ ತೆಗೀರಿ, ನಡಗಾಕತ್ತೀನಿ," ಅಂದಳು.

ಭಾನುವಾರವೆಲ್ಲ ಮನೆಯಲ್ಲಿ ಅದೇ ಮಾತು. ಬಣ್ಣದ ಪ್ರಿಂಟ್ ಹಾಕುವವನು ಒಂದು ಪ್ರಿಂಟ್ ತೆಗೆದು, ಬೆಳಕಿಗೆ ಹಿಡಿದು, ಯಾವ ಬಣ್ಣ ಹೆಚ್ಚಾಗಿದೆ ಅಂತ ನೋಡಿ, ಯಂತ್ರದ ಫಿಲ್ಟರ್ ಬದಲಿಸಿ ಮತ್ತೆ ತೆಗೆಯಬೇಕು. ಸರಿಯಾಗುವ ತನಕ ಹೀಗೇ. ಎಲ್ಲ ಇರುವುದು ಆ ನೋಡುವುದರಲ್ಲಿ.

"ನಾನೂ ಬರ್ಲೇನ್ರಿ ನಿಮ್ಮ ಕೂಡ?"

"ಹೆಂಡ್ತಿನ್ನ ಬಗಲಾಗ ಕುಂದ್ರಿಸ್ಕೊಂಡು ಕೆಲಸಾ ಮಾಡ್ಲೇನು?"

"ಹಂಗಾರ ಖರೇ ಹೇಳಿಬಿಡ್ರಿ ಮಾಲಕಗ."

ಹೇಳಲಿಲ್ಲ. ಹೇಳಿದರೆ ಆಗಲೇ ಮುಗಿಯಿತು, ಹೇಳದಿದ್ದರೆ ಅದೃಷ್ಟ ಅಂತ ಒಂದಿದೆಯಲ್ಲ ಅಂದುಕೊಂಡೆ.

ಸೋಮವಾರ ಬಣ್ಣದ ಕೋಣೆಯಲ್ಲಿ ಮಧ್ಯಾಹ್ನದ ತನಕ ಒದ್ದಾಡಿದೆ. ಫಿಲ್ಟರ್ ಹಾಕಿದೆ, ತೆಗೆದೆ, ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಪ್ರತಿ ಸಲವೂ ಪ್ರಿಂಟು ಚೆನ್ನಾಗಿಯೇ ಕಂಡಿತು. ಅದೇ ತೊಂದರೆ, ಎಲ್ಲವೂ ಚೆನ್ನಾಗಿಯೇ ಕಂಡವು. ಕೊನೆಗೆ ಹೆಂಡತಿಯ ಫೋಟೋ ಆರಿಸಿದೆ. ಮಳೆಹನಿ ಒಂದೊಂದೂ ಮುತ್ತಿನಂತೆ ಬಂದಿತ್ತು. ಕಣ್ಣಿನೊಳಗಿನ ಹೊಳಪು, ಒದ್ದೆ ತೋಳಿನ ಮಡಿಕೆ, ಎಲ್ಲ ಖಡಕ್ಕಾಗಿತ್ತು. ಇದಕ್ಕಿಂತ ಒಳ್ಳೆಯ ಪ್ರಿಂಟ್ ನಾನು ಹಾಕಿಲ್ಲ ಅಂತ ಈಗಲೂ ಹೇಳುತ್ತೇನೆ.

ಮಾಲೀಕ ಅದನ್ನು ಬಿಳಿ ದೀಪದ ಕೆಳಗಿಟ್ಟು ಬಹಳ ಹೊತ್ತು ನೋಡಿದ. "ಇದು ನಿನ್ನ ಹೆಂಡತಿಯೇ?" ಅಂತ ಮೆತ್ತಗೆ ಕೇಳಿದ. ಹೌದು ಅಂದೆ. ಬಣ್ಣದ ಕೋಣೆಯ ಹಳಬನನ್ನು ಕರೆದು, ಅದೇ ನೆಗೆಟಿವಿನಿಂದ ಇನ್ನೊಂದು ಹಾಕಿಸಿ, ಎರಡನ್ನೂ ಜೊತೆಗಿಟ್ಟ.

"ನಿನ್ನದರಲ್ಲಿ ಅವಳ ಮುಖ ಹಸಿರಾಗಿದೆ," ಅಂದ. "ಕಾಣುತ್ತಿದೆಯೇ?"

ನಾನು ಒಂದನ್ನು ನೋಡಿದೆ, ಇನ್ನೊಂದನ್ನು ನೋಡಿದೆ. ಎರಡರಲ್ಲೂ ನನ್ನ ಹೆಂಡತಿಯೇ ಇದ್ದಳು, ಚಳಿಗೆ ನಡುಗುತ್ತ, ನನಗಾಗಿ ನಗುತ್ತ. ಅವನು ಬೈದಿದ್ದರೆ ಎದುರು ಮಾತಾಡುತ್ತಿದ್ದೆ, ಅದು ನನಗೆ ಬರುತ್ತದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ.

ಕ್ರಿಸ್‌ಮಸ್ಸಿನ ನಂತರ ನನ್ನನ್ನು ಕೆಮಿಕಲ್ ಕಲಸುವ, ಡಬ್ಬಿ ಕಟ್ಟುವ ಕೆಲಸಕ್ಕೆ ಹಾಕಿದ. ಆ ಕೆಲಸವನ್ನೂ ಯಾರೂ ಬೆರಳು ತೋರಿಸದ ಹಾಗೆ ಮಾಡಿದೆ.

ಎರಡು ಪ್ರಿಂಟನ್ನೂ ಆ ಸೋಮವಾರವೇ ಮನೆಗೆ ತಂದು ಮೇಜಿನ ಮೇಲಿಟ್ಟಿದ್ದೆ. ಹೆಂಡತಿ ಎರಡನ್ನೂ ನೋಡಿದಳು. ಕೆಲವು ದಿನದ ಮೇಲೆ ಒಂದಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದಳು. ಮನೆಗೆ ಬಂದವರು ಅದರ ಮುಂದೆ ನಿಂತು ಒಂದು ಗಳಿಗೆ ನೋಡುತ್ತಾರೆ, ಆಮೇಲೆ ಬೇರೆ ಮಾತಿಗೆ ತಿರುಗುತ್ತಾರೆ. ಯಾವುದನ್ನು ಹಾಕಿದ್ದಾಳೆ, ಹಳಬನದೋ ನನ್ನದೋ, ನನಗೆ ಗೊತ್ತಿಲ್ಲ. ಕೇಳಿದರೆ ಹೇಳಿಯಾಳು. ಇವತ್ತಿನವರೆಗೂ ಕೇಳಲಿಕ್ಕೆ ಬಾಯಿ ಬಂದಿಲ್ಲ.