ತೊಂಬತ್ತು ಅಂದವಳು

ಮನೆ ಮಾರಿಸುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಚಪ್ಪಲಿ ಸವೆಸಿದ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬ್ರೋಕರ್ ಅಕ್ಕ ಎಂದೇ. ತಮ್ಮ ಮನೆ ಎಂದರೆ ಅರಮನೆ ಎಂದು ನಂಬಿಕೊಂಡವರನ್ನು ನೆಲಕ್ಕಿಳಿಸುವುದರಲ್ಲಿ ಅವಳದು ಪಳಗಿದ ಕೈ. ಬೆಲೆ ಜಾಸ್ತಿಯಾಯಿತೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾರುವವರನ್ನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಕೊಳ್ಳುವವರೆಂದು ಹೇಳಿ, ಆಚೀಚೆ ಬೀದಿಯ ನಾಲ್ಕು ಮನೆ ತೋರಿಸುತ್ತಿದ್ದಳು. ವಾಪಸು ಬರುವಷ್ಟರಲ್ಲಿ ಸರಿಯಾದ ಬೆಲೆ ಅವರ ಬಾಯಲ್ಲೇ ಬಂದಿರುತ್ತಿತ್ತು.

ಡ್ರಾಯಿಂಗ್ ಮೇಷ್ಟ್ರ ಹತ್ತಿರ ಈ ಆಟ ನಡೆಯಲಿಲ್ಲ. ನಡೆಯುವುದಾದರೂ ಹೇಗೆ? ಆ ಮನೆಗೆ ತೊಂಬತ್ತು ಲಕ್ಷ ಎಂದು ಮೊದಲು ಹೇಳಿದವಳು ಅವಳೇ. ಅವಳಿಗಿಂತ ಮುಂಚೆ ಬಂದಿದ್ದ ಇನ್ನೊಬ್ಬ ಬ್ರೋಕರ್, ಕನ್ನಡಕದವನು, ಅರವತ್ತೈದು ಹೇಳಿ ಹೋಗಿದ್ದ. ಮನೆ ಮಾರಿಸುವ ಕೆಲಸ ಅವನ ಪಾಲಾಗಬಾರದೆಂಬ ಹಟಕ್ಕೆ ಇವಳು ತೊಂಬತ್ತು ಅಂದುಬಿಟ್ಟಿದ್ದಳು. ಮೊದಲು ಮನೆ ಕೈಗೆ ಬರಲಿ, ಆಮೇಲೆ ನಿಧಾನಕ್ಕೆ ಇಳಿಸಿದರಾಯಿತು. ಈ ಕಸುಬಿನವರು ಎಡವುವುದೇ ಇಲ್ಲಿ. ಮೇಷ್ಟ್ರು ಒಂದು ಕಾಸೂ ಇಳಿಯಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಮನೆ ನೋಡಲು ಬರುವವರೇ ನಿಂತುಹೋದರು.

ಇವತ್ತು ಒಬ್ಬ ಬಂದಿದ್ದ, ಬೇಕರಿ ಮಾಲೀಕ. ಅರವತ್ತಾರು ಕೊಡುತ್ತೇನೆ, ಐದು ಗಂಟೆಯೊಳಗೆ ಒಪ್ಪದಿದ್ದರೆ ಬೇರೆ ಮನೆಗೆ ಮುಂಗಡ ಕೊಡುತ್ತೇನೆ ಎಂದು ಹೇಳಿ ಕೆಳಗೆ ಕಾರಿನಲ್ಲಿ ಕೂತಿದ್ದ. ಮೇಷ್ಟ್ರ ಹೆಂಡತಿಗೆ ಮಂಡಿ ಹೋಗಿ ಎರಡನೇ ಮಹಡಿಯಿಂದ ಇಳಿಯಲು ಆಗುತ್ತಿರಲಿಲ್ಲ. ಆಕೆಗೆಂದು ನೋಡಿಟ್ಟಿದ್ದ ನೆಲಮಹಡಿಯ ಮನೆಯವರು ಕೂಡ ಇವತ್ತಿಗಿಂತ ಹೆಚ್ಚು ಕಾಯುವುದಿಲ್ಲ ಎಂದಿದ್ದರು. ಗಡಿಯಾರದಲ್ಲಿ ಐದಕ್ಕೆ ಹದಿನೈದು ನಿಮಿಷ ಇತ್ತು.

"ಒಪ್ಕೊಂಡ್ಬಿಡಿ ಮೇಷ್ಟ್ರೇ, ಇದಕ್ಕಿಂತ ಜಾಸ್ತಿ ಬರಲ್ಲ."

"ತೊಂಬತ್ತರ ಮನೇನ ಅರವತ್ತಾರಕ್ಕೆ ಕೊಡ್ಬೇಕಾ? ನೀವೇ ಹೇಳಿದ್ದಲ್ವೇನಮ್ಮ?"

"ಆವತ್ತು ಸುಳ್ಳು ಹೇಳಿದ್ದೆ."

ಮೇಷ್ಟ್ರು ನಕ್ಕರು. "ಆವತ್ತು ನಿಜ ಹೇಳಿದ್ರಿ. ಸುಳ್ಳು ಹೇಳ್ತಿರೋದು ಇವತ್ತು. ಆ ಬೇಕರಿಯವನು ನಿಮಗೆಷ್ಟು ಕೊಟ್ಟ?"

ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಿಂದ ಇಬ್ಬರನ್ನೂ ನೋಡುತ್ತಿದ್ದರು. ಅಕ್ಕನಿಗೆ ಭಯವಾಯಿತು. ತನ್ನ ಮಾತನ್ನು ಈ ಮನುಷ್ಯ ಇನ್ನು ನಂಬುವುದಿಲ್ಲ, ನಂಬುವಂಥ ಬಾಯಿ ಒಂದೇ ಒಂದು ಉಳಿದಿದೆ. ಆರು ತಿಂಗಳಿಂದ ಮಾತುಕತೆ ಇಲ್ಲದ ಆ ಕನ್ನಡಕದವನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ಅಣ್ಣಾ, ಡ್ರಾಯಿಂಗ್ ಮೇಷ್ಟ್ರ ಮನೆ ಎಷ್ಟಕ್ಕೆ ಹೋಗುತ್ತೆ?"

"ಅರವತ್ತೈದು. ನನ್ನ ಕೈ ತಪ್ಪಿಸೋಕೆ ತೊಂಬತ್ತು ಅಂತ ಬುರುಡೆ ಬಿಟ್ಟೋಳು ನೀನೇ ತಾನೆ? ಪಾಪ, ಆ ಮುದುಕರ ತಲೆ ಮೇಲೆ ಚಪ್ಪಡಿ ಎಳೆದೆ. ಈಗ್ಯಾಕೆ ಕೇಳ್ತಿದೀಯ?"

"ಹೌದಣ್ಣ, ನಾನೇ," ಎಂದು ಅವಳು ಫೋನು ಇಟ್ಟಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, "ಕರೀರಿ ಅವನನ್ನ" ಎಂದರು. ಅವಳು ಕಿಟಕಿಯಿಂದ ಬಗ್ಗಿ ಕೈ ಬೀಸಿದಳು. ಕಾರಿನ ಬಾಗಿಲು ತೆರೆಯಿತು. ಸದ್ಯ, ವ್ಯಾಪಾರ ಉಳಿಯಿತಲ್ಲ ಎಂದು ಉಸಿರುಬಿಟ್ಟು ತಿರುಗಿದರೆ ಮೇಷ್ಟ್ರ ಹೆಂಡತಿ ಅವಳನ್ನೇ ದಿಟ್ಟಿಸುತ್ತಿದ್ದರು.

"ಇವರ ದುರಾಸೇನೇ ನನ್ನ ಇಲ್ಲಿ ಕೂರಿಸಿರೋದು ಅಂದ್ಕೊಂಡು," ಆಕೆ ಮೆಲ್ಲಗೆ ಹೇಳಿದರು, "ಆರು ತಿಂಗಳು ಇವರ ಹತ್ರ ಮಾತು ಬಿಟ್ಟಿದ್ದೆ ಕಣಮ್ಮ."