ಸಂಡಾಸ ಬಂಗಲೆ

ನಮ್ಮ ಮಾಮಾನ ಬಲಗಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಅರಳೆಯ ಸಣ್ಣ ಉಂಡೆಯೊಂದು ಸದಾ ಇರುತ್ತಿತ್ತು. ಮೊದಲು ಆ ವಾಸನೆ ಬರುತ್ತಿತ್ತು, ಅದರ ಹಿಂದೆ ಕರ್ ಕರ್ ಎನ್ನುವ ಕಾಲಿನ ಜೋಡಿನ ಸದ್ದು, ಕೊನೆಗೆ ಆತ. ಎತ್ತರದ, ದಪ್ಪ ಆಳು. ತಾಳಿಕೋಟೆಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ. ಸುಮ್ಮನೆ ಕೂತಾಗಲೂ ಬೆರಳುಗಳ ನಡುವೆ ಚೂರು ಅರಳೆ ಹಿಡಿದು ಎಳೆ ಎಷ್ಟುದ್ದ ಬರುತ್ತದೆಂದು ಎಳೆದು ನೋಡುತ್ತಿದ್ದ. ಯಾರಾದರೂ ವಾದಕ್ಕೆ ನಿಂತರೆ, "ಕೈಯಾಗ ಹಿಡದ ನೋಡು, ಆಮ್ಯಾಲ ಮಾತಾಡು" ಎನ್ನುವುದು ಆತನ ಮಾತು. ಅರಳೆಗೇನೋ ಅದು ಸರಿಯೇ. ಆತ ಅದನ್ನು ಬದನೆಕಾಯಿಗೂ ಹೇಳುತ್ತಿದ್ದ, ಬೀಗರಿಗೂ ಹೇಳುತ್ತಿದ್ದ, ಸರಕಾರಕ್ಕೂ ಹೇಳುತ್ತಿದ್ದ.

ಆತ ನನ್ನ ಅವ್ವನ ತಮ್ಮ. ನಾನಿನ್ನೂ ಲಂಗ ಉಡುತ್ತಿದ್ದ ಕಾಲಕ್ಕೆ, ಐವತ್ತರ ದಶಕದ ನಡುವೆ, ತಾಂಬಾದ ಹೊರಗಿನ ತಮ್ಮ ಹೊಲದಲ್ಲಿ ಒಂದು ಬಂಗಲೆ ಕಟ್ಟಿಸಿದ. ವಾಸಕ್ಕಲ್ಲ. ವಾಸಕ್ಕೆ ಊರೊಳಗೆ ವಾಡೆಯಂಥ ಮನೆ ಇತ್ತು, ಅಲ್ಲಿ ಆತನ ತಾಯಿ, ಅಂದರೆ ನಮ್ಮ ಆಯಿ, ಇದ್ದಳು. ಹಬ್ಬಕ್ಕೆ, ಬಸುರಿಯರ ಕುಬಸಕ್ಕೆ, ಬೇಸಿಗೆಯ ಶಾಲೆ ಸೂಟಿಗೆ ಬಳಗವೆಲ್ಲ ಕೂಡಲಿಕ್ಕೆಂದೇ ಒಂದು ಮನೆ ಬೇಕು ಎಂಬುದು ಆತನ ಹಟ. ನೆಲಕ್ಕೆ ಮುಖ ಕಾಣುವಷ್ಟು ತಿಕ್ಕಿದ ಫರಸಿ ಕಲ್ಲು ಹಾಸಿದ. ಕಿಡಕಿಗೆ ಬಣ್ಣದ ಗಾಜು. ಹಿತ್ತಾಳೆ ಸರಪಳಿಯ ತೂಗುಮಂಚ. ಬಾವಿಗೆ ಇಂಜಿನ್ನು, ಮಾಳಿಗೆಯ ಮೇಲೆ ನೀರಿನ ಟಾಕಿ, ಬಚ್ಚಲಲ್ಲಿ ತಿರುವಿದರೆ ನೀರು ಸುರಿಯುವ ನಳ. ಇಡೀ ಬಳಗ ಒಂದೇ ಪಂಕ್ತಿಗೆ ಕೂತರೂ ಪಡಸಾಲೆಯಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು. ಸುತ್ತಲ ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು.

ಎಳ್ಳಮಾಸಿ ದಿನ, ಎಳ್ಳು ಅಮಾವಾಸ್ಯೆಗೆ, ಮನೆ ತುಂಬುವುದೆಂದು ನಿಶ್ಚಯವಾಯಿತು. ನಾವು ನಮ್ಮೂರು ಕನ್ನೊಳ್ಳಿಯಿಂದ ಬಂಡಿ ಕಟ್ಟಿಕೊಂಡು ಹೋದೆವು. ಆಯಿ ಊರೊಳಗಿನ ಮನೆಯಿಂದ ಬಂದ ಬಂಡಿಯಿಂದಿಳಿದು, ಸೆರಗು ಸರಿ ಮಾಡಿಕೊಂಡು, ಮಗನ ಹಿಂದೆ ಮನೆಯೆಲ್ಲ ನೋಡುತ್ತ ಹೊರಟಳು. ಫರಸಿಯ ಮೇಲೆ ಕಾಲಾಡಿಸಿ ನೋಡಿದಳು. ನಳ ತಿರುವಿ ನಕ್ಕಳು. ಅಡುಗೆಮನೆಯ ಆಚೆ, ಹೆಂಗಸರು ಓಡಾಡುವ ಓಣಿಯಂಥ ಜಾಗದ ತುದಿಗೆ ಒಂದು ಸಣ್ಣ ಕೋಣೆ. ಹೊಸ ಬಾಗಿಲು, ಹಿತ್ತಾಳೆ ಚಿಲಕ. ಆಯಿ ಆಗಲೇ ಕೈ ಮುಗಿದು ನಿಂತಿದ್ದಳು.

"ಇದು ದೇವರ ಕೋಲಿ ಏನೋ ತಮ್ಮಾ?"

"ಅಲ್ಲ ಯವ್ವಾ, ಸಂಡಾಸ."

ಮುಗಿದ ಕೈ ಮುಗಿದಂತೆಯೇ ಉಳಿಯಿತು. ನಾನು ಅಲ್ಲೇ ಅವಳ ಸೆರಗು ಹಿಡಿದುಕೊಂಡಿದ್ದೆ, ನಗು ತಡೆಯಲಾರದೆ ಅವ್ವನಿಂದ ಚಿವುಟಿಸಿಕೊಂಡೆ. ಸೊಲ್ಲಾಪುರದಿಂದ ತರಿಸಿದ ಬಿಳಿ ಪಿಂಗಾಣಿ, ನೀರು ಸುರಿದರೆ ಎಲ್ಲ ನೆಲದೊಳಗಿನ ಗುಂಡಿಗೆ ಹೋಗುತ್ತದೆ ಎಂದು ಮಾಮಾ ವಿವರಿಸತೊಡಗಿದ. ಆಯಿ ಕೇಳಲಿಲ್ಲ.

"ಉಣ್ಣೂ ಮನ್ಯಾಗ ಹೇಸಿಗಿ ಇಟ್ಕೊಂಡ ಕುಂತಿ. ನಾ ಇಲ್ಲಿ ಒಂದ ತುತ್ತ ಮುಟ್ಟಂಗಿಲ್ಲ."

ಮೂಗಿಗೆ ಸೆರಗು ಹಿಡಿದು ನೆಟ್ಟಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತಳು. ಹಿರಿಯಳೇ ಹೋದ ಮೇಲೆ ಉಳಿದವರದೇನು? ಎಳ್ಳಮಾಸಿಗೆ ಹೊಲದಲ್ಲಿ ಉಣ್ಣುವುದೇ ಪದ್ಧತಿ, ಹಾಗಾಗಿ ಯಾರಿಗೂ ಅವಮಾನವಾಗದಂತೆ ಒಂದು ನೆವವೂ ಸಿಕ್ಕಿತು. ಸಜ್ಜಿ ಕಡುಬು, ಬದನೆಕಾಯಿ ಭರ್ತ ಎಲ್ಲವೂ ಗಿಡದ ಕೆಳಗೆ ಬಂದವು. ಮಾಮಾ ಮಾತ್ರ ಆ ದೊಡ್ಡ ಪಡಸಾಲೆಯಲ್ಲಿ, ಬಳಗಕ್ಕೆಂದು ಸಾಲಾಗಿ ಹಾಕಿಸಿದ್ದ ಮಣೆಗಳ ನಡುವೆ ಒಬ್ಬನೇ ಕೂತು ಉಂಡ. ಬಣ್ಣದ ಗಾಜಿನೊಳಗಿಂದ ಬೆಳಕು ಆತನ ತಾಟಿನಲ್ಲಿ ಕೆಂಪಗೆ ಬಿದ್ದಿತ್ತು.

ಅಂದಿನಿಂದ ಅದರ ಹೆಸರು ಸಂಡಾಸ ಬಂಗಲೆ. ಇಂಡಿಯಲ್ಲಿ ಬಸ್ಸು ಇಳಿದರೆ ಬಂಡಿಯವರೇ "ಸಂಡಾಸ ಬಂಗ್ಲೆಗೇನ್ರಿ?" ಎಂದು ಕೇಳುತ್ತಿದ್ದರು. ಕಿವಿಯಲ್ಲಿ ಅತ್ತರು ಯಾಕಿಟ್ಟುಕೊಂಡಿದ್ದಾನೆಂದು ಈಗ ಗೊತ್ತಾಯಿತು ಎಂದು ಬೀಗರು ನಕ್ಕರು. ವರ್ಷವರ್ಷ ಮಾಮಾ ಕರೆಯುತ್ತಿದ್ದ. ಬಳಗ ಬರುತ್ತಿತ್ತು, ಬೇವಿನ ಗಿಡದ ಕೆಳಗೆ ಉಣ್ಣುತ್ತಿತ್ತು, ಕತ್ತಲಾಗುತ್ತಲೇ ಊರೊಳಗಿನ ಮನೆಗೆ ಹೋಗಿಬಿಡುತ್ತಿತ್ತು. ಆಯಿ ಇರದ ಕಡೆ ಮಲಗುವವರು ಯಾರು? ಮಾಮಾನ ಹೆಂಡತಿ, ನಮ್ಮ ಅತ್ತಿ, ಪಾಪ, ಹೊದ್ದುಕೊಳ್ಳಲು ಹೊಲಿಸಿಟ್ಟ ಕೌದಿಗಳನ್ನು ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಿದ್ದಳು.

ಒಮ್ಮೆ ನಮ್ಮಪ್ಪ ಸಂಧಾನಕ್ಕೆ ಹೋದ. "ಒಂದ ಕೋಲಿ ಸಲುವಾಗಿ ಇಡೀ ಬಂಗ್ಲೆ ಬೀಳ ಬಿದ್ದೈತಿ. ಅದನ್ನ ಮುಚ್ಚಿ ದನದ ಕಣಕಿ ತುಂಬಸ್ರಿ, ನಾಳೆ ಎಲ್ಲಾರೂ ಬರ್ತಾರ" ಅಂದ.

ಮಾಮಾ ಅರಳೆ ಎಳೆಯುತ್ತಲೇ ಹೇಳಿದ: "ಕಣಕಿ ಬೇಕಾದ್ರ ಪಡಸಾಲ್ಯಾಗ ತುಂಬಸ್ತೇನ್ರಿ. ಆ ಕೋಲಿ ಇದ್ದಂಗ ಇರತೈತ್ರಿ."

ಯಾಕೆ ಅಂತ ಹೇಳಲಿಲ್ಲ. ಶ್ರೀಮಂತನ ಸೊಕ್ಕು ಅಂದುಕೊಂಡರು. ನನಗೂ ಹಾಗೇ ಅನಿಸಿತ್ತು.

ನನ್ನ ಲಗ್ನವಾಯಿತು. ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಅರವತ್ತರ ದಶಕ ಶುರುವಾಗಿತ್ತು. ಸೋದರಮಾವನ ಹಕ್ಕು ಎಂದು ಮಾಮಾ ನನ್ನ ಕುಬಸವನ್ನು ಬಂಗಲೆಯಲ್ಲೇ ಇಟ್ಟ. ಹೋಳಿ ಹುಣ್ಣಿಮೆ ಮುಗಿದಿತ್ತು. ಜೋಳ ಕಿತ್ತು, ಹೊಲಗಳೆಲ್ಲ ಬೋಳಾಗಿದ್ದವು. ಬೇವಿನ ಗಿಡದ ಕೆಳಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ನನ್ನನ್ನು ಕೂಡ್ರಿಸಿದರು. ಹೆಂಗಸರು ಹಾಡಿದರು, ಒಬ್ಬೊಬ್ಬರಾಗಿ ಬಾಯಿಗೆ ಹೋಳಿಗೆ ಇಟ್ಟರು. ಆ ಏಳು ತಿಂಗಳ ಬಸುರಿನಲ್ಲಿ ನನಗೆ ಬೇಕಾಗಿದ್ದದ್ದು ಹೋಳಿಗೆಯಲ್ಲ. ಯಾವ ಕಡೆ ನೋಡಿದರೂ ಗಂಡಸರು, ಬಂಡಿಗಳು, ಬಯಲು. ಮರೆಗೆ ಒಂದು ಕಂಟಿ ಇರಲಿಲ್ಲ.

ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ಸುತ್ತಲೂ ನೋಡಿ, "ಹೊತ್ತ ಮುಣಗೂತನಕ ತಡಕೊ" ಅಂದಳು. ಅವಳಿಗೆ ಅವಳ ಅವ್ವ ಹೇಳಿದ್ದನ್ನೇ ನನಗೆ ಹೇಳಿದಳು. ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ನಾನು ಉಣ್ಣುವುದು ನಿಲ್ಲಿಸಿದೆ, ನೀರಿನ ತಂಬಿಗೆ ದೂರ ಸರಿಸಿದೆ. ಕಣ್ಣಲ್ಲಿ ನೀರು ಬಂತು. ತವರು ನೆನೆದು ಅಳುತ್ತಿದ್ದಾಳೆಂದು ಯಾರೋ ಹೇಳಿದರು, ತವರಿನವರ ನಡುವೆಯೇ ಕೂತವಳನ್ನು ನೋಡಿ!

ಉಡಿ ತುಂಬುವ ಸೀರೆ ಹಿಡಿದು ಬಂದಿದ್ದ ಮಾಮಾ ತಂಬಿಗೆಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಆಯಿಯ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ. ಅಷ್ಟು ದೊಡ್ಡ ಆಳು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಸಣ್ಣ ದನಿಯಲ್ಲಿ ಮಾತಾಡಿದ, ಆಯಿಗೆ, ಅವ್ವನಿಗೆ, ನನಗೆ ಮಾತ್ರ ಕೇಳುವಷ್ಟು.

"ಯವ್ವಾ, ನಾ ಸಣ್ಣಾಂವ ಇದ್ದಾಗ ಮನಿ ತುಂಬ ಮಂದಿ ಬಂದ ದಿನ ನೀ ಅರ್ಧಾ ರೊಟ್ಟಿ ಉಣತಿದ್ದಿ. ಎಲ್ಲಾರಿಗೂ ನೀಡಿ, ನೀ ನೀರ ಮುಟ್ಟತಿದ್ದಿಲ್ಲ. ಯಾಕ ಅಂತ ಕೇಳಿದ್ರ, ಹೊತ್ತ ಮುಣಗೂದ ಇನ್ನೂ ದೂರ ಐತಿ ತಮ್ಮಾ ಅಂತಿದ್ದಿ. ಆಗ ನನಗ ತಿಳೀಲಿಲ್ಲ."

ಆಯಿ ನಾನು ದೂರ ಸರಿಸಿದ್ದ ತಂಬಿಗೆಯ ಕಡೆ ನೋಡಿದಳು.

"ಈ ಹುಡುಗಿ ಮುಖಾ ನೋಡು" ಅಂದ ಮಾಮಾ. ಎದ್ದು ಹೋಗಿಬಿಟ್ಟ.

ಮಗ ತಾಯಿಯ ಹತ್ತಿರ ಆಡುವ ಮಾತಲ್ಲ ಅದು, ನಮ್ಮ ಕಡೆ ಯಾವ ಗಂಡಸೂ ಆಡುತ್ತಿರಲಿಲ್ಲ. ಅದಕ್ಕೇ ಅಷ್ಟು ವರ್ಷ ಆತ ಬಾಯಿ ಬಿಟ್ಟಿರಲಿಲ್ಲ. ಆ ಕೋಣೆಯ ಬಾಗಿಲನ್ನು ಹೆಂಗಸರ ಕಡೆಗೇ ಇಡಿಸಿದ್ದು ಯಾಕೆಂದು ಆಗ ನನಗೆ ಹೊಳೆಯಿತು. ಪಡಸಾಲೆಯ ಗಂಡಸರಿಗೆ ಯಾರು ಹೋದರು, ಯಾರು ಬಂದರು ಕಾಣುವಂತಿರಲಿಲ್ಲ.

ಆಯಿ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಹಾಡು ನಿಂತಿತು. "ನೀವ್ಯಾಕ ನಿಂತ್ರಿ, ಹಾಡ್ರಿ" ಎಂದು ಗದರಿ, ನನ್ನನ್ನು ಬಂಗಲೆಯೊಳಗೆ ಕರೆದುಕೊಂಡು ಹೋದಳು. ಆ ಓಣಿಯ ತುದಿಗೆ ಬಂದು ತಾನೇ ಚಿಲಕ ತೆಗೆದಳು. ನಾನು ಹೊರಗೆ ಬರುವವರೆಗೂ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತಿದ್ದಳು. ಕೈಕಾಲು ತೊಳೆಸಿ, ತಂಬಿಗೆ ತುಂಬಿ ಕೊಟ್ಟು, "ಈಗ ಕುಡಿ" ಅಂದಳು. ನಾನು ಕುಡಿಯುವುದನ್ನು ನೋಡುತ್ತ ನಿಂತು, ಆಮೇಲೆ ಪಡಸಾಲೆಗೆ ಬಂದು ಮಣೆ ಎಳೆದುಕೊಂಡು ಕೂತಳು.

"ನನ್ನ ತಾಟ ಇಲ್ಲೇ ತರ್ರಿ."

ಬೇವಿನ ಗಿಡದ ಕೆಳಗಿನ ಪಂಕ್ತಿಯೆಲ್ಲ ಎದ್ದು ಒಳಗೆ ಬಂತು. ಆಯಿ ಎರಡು ಹೋಳಿಗೆ ಉಂಡಳು, ಮೇಲೆ ತುಂಬಿದ ತಂಬಿಗೆ ನೀರು, ಅದೂ ನಡು ಮಧ್ಯಾಹ್ನ. ಸಂಜೆ ಉಳಿದ ಹೆಂಗಸರು ನೀರಿನ ಚರಗಿ ಹಿಡಿದು ಹೊಲದ ಕಡೆ ಹೊರಟಾಗ, "ನನಗ ಮೊಳಕಾಲ ನೋವ, ನಾ ಬರಂಗಿಲ್ಲ" ಅಂದಳು. ಅವಳ ಮೊಳಕಾಲು ಗಟ್ಟಿಮುಟ್ಟಾಗಿತ್ತು. ಮಾಮಾ ತೂಗುಮಂಚದ ಮೇಲೆ ಅಂಗಳದ ಕಡೆ ಮುಖ ಮಾಡಿ ಕೂತು ಅರಳೆ ಎಳೆಯುತ್ತಿದ್ದ. ಆ ವರ್ಷ ಅತ್ತಿಯ ಕೌದಿಗಳು ಸಾಲಲಿಲ್ಲ.

ಮುಂದೆ ಪ್ರತಿ ಬೇಸಿಗೆಗೂ ಬಳಗ ಅಲ್ಲೇ. ನನ್ನ ಮಕ್ಕಳು ಆ ತೂಗುಮಂಚದಿಂದ ಬಿದ್ದೇ ದೊಡ್ಡವಾದವು. ಸಂಡಾಸ ಬಂಗಲೆ ಎಂಬ ಹೆಸರು ಹೋಗಲಿಲ್ಲ, ಆದರೆ ಹೆಂಗಸರು ಅದನ್ನು ನಗದೇ ಹೇಳತೊಡಗಿದರು.

ಮಾಮಾ ಅರವತ್ತರ ದಶಕದ ಕೊನೆಗೆ ಹೋದ. ತಾಳಿಕೋಟೆಯ ಅಂಗಡಿಯಲ್ಲಿ ಕೂತವನು ಕೂತಲ್ಲೇ ಎದೆ ಹಿಡಿದುಕೊಂಡನಂತೆ. ಬಂಗಲೆಗೆ ತಂದು, ಪಡಸಾಲೆಯಲ್ಲಿ ನಮ್ಮ ಪದ್ಧತಿಯಂತೆ ಕೂಡ್ರಿಸಿ ವಿಭೂತಿ ಹಚ್ಚಿದ್ದರು. ಕಿವಿಗೆ ಅತ್ತರಿನ ಅರಳೆಯನ್ನು ಅತ್ತಿಯೇ ಇಟ್ಟಿದ್ದಳು. ಸುತ್ತಲ ತಾಲೂಕುಗಳ ಮಂದಿ ಬಂದಿದ್ದರು, ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಆಯಿಯ ಪಕ್ಕ ಕೂತಿದ್ದೆ. ಮುಂಜಾನೆಯಿಂದ ಅವಳು ಅತ್ತಿರಲಿಲ್ಲ, ಮಗನ ಪಾದ ಹಿಡಿದುಕೊಂಡೇ ಇದ್ದಳು. ಹೊತ್ತು ನೆತ್ತಿಗೆ ಬಂದಾಗ ನನ್ನ ಕಡೆ ತಿರುಗಿದಳು.

"ಒಂದ ತಂಬಗಿ ನೀರ ತಾ."

ಎದುರಿಗಿದ್ದ ಹಿರಿಯಳೊಬ್ಬಳು, "ಮಣ್ಣ ಆಗೂತನಕ ಹಡದಾಕಿ ನೀರ ಮುಟ್ಟಬಾರದು" ಅಂದಳು.

"ಮನಿ ತುಂಬ ಮಂದಿ ಬಂದಾರ" ಅಂದಳು ಆಯಿ. "ಇವತ್ತ ನಾ ನೀರ ಕುಡೀಲಿಲ್ಲಂದ್ರ ಅವ ಇದನ್ನ ಕಟ್ಟಿಸಿದ್ದರ ಯಾಕ?"

ನಾನು ತಂದುಕೊಟ್ಟೆ. ಮಗನ ಮುಖ ನೋಡುತ್ತ ಅಷ್ಟನ್ನೂ ಕುಡಿದಳು. ತಂಬಿಗೆ ನನ್ನ ಕೈಗೆ ಕೊಟ್ಟು, "ಹೋಗು, ನೀನೂ ಕುಡಿ" ಅಂದಳು. ನಾನು ಒಳಗೆ ಹೋಗಿ, ನಳ ತಿರುವಿ, ಹೊಟ್ಟೆ ತುಂಬ ಕುಡಿದೆ.